ಎಂಟನೇ ನಂಬರಿನ ಕತ್ತರಿ

ದಾರವನ್ನು ನಾನು ಹಲ್ಲಿನಲ್ಲೇ ಕತ್ತರಿಸುವುದು.
ಗಾಂಧಿ ಬಜಾರಿನ ಒಳಗಲ್ಲಿ, ಪಾತ್ರೆ ಅಂಗಡಿಯ ಮೆಟ್ಟಿಲ ಕೆಳಗೆ
ಮೂವತ್ತೊಂದು ವರ್ಷ ಇದೇ ಮಿಷನ್ನು, ಇದೇ ಬಾಯಿ.
ಕತ್ತರಿ ಎತ್ತಿ ಇಳಿಸುವಷ್ಟರಲ್ಲಿ
ಇನ್ನೊಂದು ಸೀರೆಯ ಫಾಲು ಅರ್ಧ ಮುಗಿದಿರುತ್ತದೆ.

ಮೊನ್ನೆ ಹಸಿರು ದಾರ ಕಚ್ಚಿದೆ.
ದಾರ ಹಾಗೇ ಇತ್ತು.
ಹಲ್ಲು ಅಲ್ಲಾಡಿತು.

ಮೆಗ್ಗಾನ್ ಆಸ್ಪತ್ರೆಯಲ್ಲಿ ಡಾಕ್ಟರ್ ಲವೀನಾ,
ಚಿಕ್ಕ ಹುಡುಗಿ, ಏಪ್ರನ್ನಿನ ಒಂದು ಗುಂಡಿ ಬೇರೆ ಬಣ್ಣದ್ದು,
ಸೂಜಿಯಂಥ ಕಡ್ಡಿಯಿಂದ ವಸಡಿನ ಆಳ ಅಳೆದಳು.
ಮೂರು. ಐದು. ಏಳು.
ನಾನು ಎದೆ, ಸೊಂಟ, ತೋಳು ಬರೆದುಕೊಳ್ಳುವ ಹಾಗೆಯೇ
ಪಕ್ಕದಲ್ಲೊಬ್ಬ ಹುಡುಗ ಬರೆದುಕೊಂಡ.
"ಏಳು ಅಂದರೆ ಇಂಚಾ?" ಅಂದೆ.
"ಮಿಲಿಮೀಟರು, ರಖುಮಾಬಾಯಿ. ಇಂಚಾಗಿದ್ದರೆ
ನಿಮ್ಮ ದವಡೆ ನನ್ನ ಕೈಲಿರುತ್ತಿತ್ತು."

ಆಮೇಲೆ ಉಗುರಿಗಿಂತ ಕಿರಿದಾದ ಕಾಗದದ ಪಟ್ಟಿಯೊಂದನ್ನು
ಜೇಬಿಗೆ ಚೀಟಿ ಇಳಿಸಿದಂತೆ ವಸಡಿನೊಳಗೆ ಇಳಿಸಿ
ಮೂವತ್ತು ಎಣಿಸಿದಳು.
ಒದ್ದೆಯಾಗಿ ಬಂತು ಚೀಟಿ.
ಐಸಿನ ಡಬ್ಬಿಯಲ್ಲಿ ಅದಕ್ಕೊಂದು ಜಾಗ,
ನನಗೊಂದು ನಂಬರು.

"ಇದರಲ್ಲಿ ಏನಿದೆ?"
"ಕಿಣ್ವ."
"ಅಂದರೆ?"
ನನ್ನ ಕೊರಳಿನ ಟೇಪು ನೋಡಿ, ಸ್ವಲ್ಪ ತಡೆದು ಅಂದಳು:
"ಕತ್ತರಿ."

ಹಲ್ಲನ್ನು ಮೊಳೆಯ ಹಾಗೆ ಹೊಡೆದಿಲ್ಲವಂತೆ, ಕಟ್ಟಿದೆಯಂತೆ.
ಸಾವಿರ ಎಳೆ, ಓರೆ ಓರೆಯಾಗಿ, ಯಾರಿಗೂ ಕಾಣದ ಹೊಲಿಗೆ.
ಎಳೆ ಹಳತಾದರೆ ಬಿಚ್ಚಲು ಮೈಯೇ ಕತ್ತರಿ ಇಟ್ಟುಕೊಂಡಿದೆ,
ಬಿಚ್ಚಿದ ಕಡೆ ಹೊಸದು ಹೊಲಿಯುತ್ತದೆ.
ಹೊಟ್ಟೆಯಲ್ಲೊಂದು ಕಣ ಸತು, ಅದೇ ಅದರ ಅಲಗು.
ಒಂದೊಂದಕ್ಕೂ ನಂಬರು: ಎಂಟನೆಯದು, ಒಂಬತ್ತನೆಯದು.
ನನ್ನ ಮೇಜಿನ ಮೇಲೂ ಇವೆಯಲ್ಲ,
ಎಂಟಿಂಚಿನದು, ಒಂಬತ್ತಿಂಚಿನದು!
ಮೈಯೊಳಗೂ ಒಂದು ಆಲ್ಟರೇಷನ್ ಅಂಗಡಿ ಇದೆ ಅಂತ
ಐವತ್ತೆಂಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಬಿಚ್ಚುವುದು ಪಾಪವಲ್ಲ.
ನನ್ನ ಅರ್ಧ ಸಂಪಾದನೆ ಬಿಚ್ಚುವುದರಲ್ಲೇ.
ಹವಾಲ್ದಾರ ಗಿಡ್ಡಪ್ಪನ ಪ್ಯಾಂಟಿನ ಸೊಂಟ ವರ್ಷಕ್ಕೆರಡು ಸಲ ಬಿಚ್ಚುತ್ತೇನೆ.
ಆದರೆ ಬಿಚ್ಚುವ ಕೈಗೆ ಸಾಕು ಅನ್ನುವುದು ಗೊತ್ತಿರಬೇಕು.
ಸಕ್ಕರೆ ಏರಿದ ರಕ್ತದಲ್ಲಿ ಸಾಕು ಅನ್ನುವವರಿಲ್ಲ.
ಹಲ್ಲಿನ ಬುಡದ ಕೊಳೆಗೆ ಹುಳ ಬರುತ್ತವೆ,
ಹುಳ ಹಿಡಿಯಲು ಕಾವಲಿನವರು ಬರುತ್ತಾರೆ,
ಬರುವಾಗ ಕತ್ತರಿಯನ್ನೂ ತರುತ್ತಾರೆ.
ಕಳ್ಳ ಸಿಕ್ಕನೋ ಇಲ್ಲವೋ, ಪರದೆಯೆಲ್ಲ ಚಿಂದಿ.
ಉಳಿದ ಎಳೆಯೂ ಗಂಜಿ ಹೆಚ್ಚಾದ ಬಟ್ಟೆ,
ಮಡಿಸಿದಲ್ಲಿ ಸೀಳು.

ಮೊದಲೇ ತಿಳಿಯಬೇಕಿತ್ತು.
ನನ್ನದೇ ರವಿಕೆಗಳನ್ನು ಒಂದೇ ವರ್ಷದಲ್ಲಿ ಮೂರು ಸಲ ಹಿಡಿದೆ,
ತೆಳ್ಳಗಾದೆ ಅಂತ ಒಳಗೊಳಗೇ ಖುಷಿ.
ಉಗುಳಿದಾಗ ಕೆಂಪು ಕಂಡರೆ ಬ್ರಷ್ಷಿಗೆ ಬೈದೆ.
ದೋಸೆಗೆ ಜೋನಿ ಬೆಲ್ಲ ಬಿಡಲಿಲ್ಲ.
ಬೆಲ್ಲ ತಾನೆ, ಸಕ್ಕರೆ ಅಲ್ಲವಲ್ಲ!
ಇದು ನನ್ನ ವೈದ್ಯಶಾಸ್ತ್ರ.

ನಾಲ್ಕು ಮಂಗಳವಾರ ಬುಡ ಕೆರೆದು ತೊಳೆದಳು ಲವೀನಾ.
ಒಂದು ಮಾತ್ರೆ ಕೊಟ್ಟಳು, ಹುಳ ಸಾಯದಷ್ಟು ಸಣ್ಣ ಡೋಸು.
"ಸಾಯಿಸಲಿಕ್ಕಲ್ಲ, ಕತ್ತರಿಯ ಬಾಯಿ ಕಟ್ಟಲಿಕ್ಕೆ."
ಸಕ್ಕರೆ ಇಳಿದರೆ ವಸಡು ಆರುತ್ತದೆ,
ವಸಡು ಆರಿದರೆ ಸಕ್ಕರೆಯೂ ಒಂದಿಷ್ಟು ಇಳಿಯುತ್ತದೆ ಅಂದಳು.
ಅರ್ಥವಾಯಿತು: ಮೇಲಿನ ರೀಲು, ಕೆಳಗಿನ ಬಾಬಿನ್ನು.
ಒಂದು ಬಿಗಿದರೆ ಇನ್ನೊಂದರ ಹೊಲಿಗೆಯೂ ಸುಕ್ಕು.

ಮುಂದಿನ ಕೆಳಹಲ್ಲು ಮಾತ್ರ ಉಳಿಯಲಿಲ್ಲ.
ಹತ್ತಿಯಲ್ಲಿ ಸುತ್ತಿ ಕೊಟ್ಟಳು.
ಸಿಟಿ ಬಸ್ಸಿನಲ್ಲಿ, ತುಂಗಾ ಸೇತುವೆ ದಾಟುವವರೆಗೂ
ಅದರ ಬೇರನ್ನು ತಿರುಗಿಸಿ ತಿರುಗಿಸಿ ನೋಡಿದೆ,
ಒಂದು ಎಳೆಯಾದರೂ ಅಂಟಿದೆಯೇ ಅಂತ.
ನುಣ್ಣಗಿತ್ತು.
ಬಿಚ್ಚಿದವನು ಕೆಲಸ ಬಲ್ಲವನೇ.

ಈಗ ಕೊರಳಲ್ಲಿ ಟೇಪಿನ ಜೊತೆ
ಲಾಡಿಗೆ ಕಟ್ಟಿದ ನಲವತ್ತು ರೂಪಾಯಿಯ ಪುಟ್ಟ ಕತ್ತರಿ.
ಆದರೂ ಹೊಲಿಗೆ ಮುಗಿದ ಕೂಡಲೆ
ಕೈಗಿಂತ ಮೊದಲು ಬಾಯಿ ದಾರದ ಕಡೆ ಬಾಗುತ್ತದೆ,
ತುಟಿ ತೆರೆಯುತ್ತದೆ.
ಅಲ್ಲಿ ಗಾಳಿ.

"ಆಯ್ತಾ ಅಮ್ಮ?" ಅನ್ನುತ್ತಾನೆ ಗಿಡ್ಡಪ್ಪ.
"ಒಂದು ದಾರ ಬಾಕಿ" ಅನ್ನುತ್ತೇನೆ.